ಲೇಬಲ್ ಇಲ್ಲದ ರೊಟ್ಟಿಗೂ ಲೆಕ್ಕ ಇದೆ



ಬಿಸ್ಕಿಟ್ ಪುಡಿಕೆಯ ಹಿಂದೆ ಎಷ್ಟು ಕ್ಯಾಲೊರಿ ಎಂದು ಅಚ್ಚಾಗಿರುತ್ತದೆ. ಮನೆಯ ಜೋಳದ ರೊಟ್ಟಿಗೆ, ಡಬ್ಬಿಯ ಪಲ್ಯಕ್ಕೆ, ಕಂಪನಿ ಗೇಟಿನ ಹೊರಗಿನ ವಡಾಪಾವ್‌ಗೆ ಅಂಥ ಲೇಬಲ್ ಇಲ್ಲ. "ಡಾಕ್ಟ್ರೇ, ನಾನು ಮನೆ ಊಟಾನೇ ಉಣ್ಣೋದು, ಆದ್ರೂ ತೂಕ ಏರ್ತಿದೆ" ಎಂದು ಬಹಳ ಜನ ನನಗೆ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ತಟ್ಟೆಯ ಲೆಕ್ಕ ಗೊತ್ತಿಲ್ಲ, ಅಷ್ಟೆ.

*ಈ ಲೆಕ್ಕ ಏಕೆ ಬೇಕು?*

ಕಲಬುರಗಿ, ವಿಜಯಪುರ, ಬೀದರ್ ಕಡೆಯಿಂದ ರಾಂಜಣಗಾಂವದ ಎಂಐಡಿಸಿಗೆ ಬಂದವರಿದ್ದೀರಿ. ಹಲವರ ಊಟ ಇನ್ನೂ ಹೊಲದಲ್ಲಿ ದುಡಿಯುತ್ತಿದ್ದ ಕಾಲದ್ದೇ, ಬದಲಾದದ್ದು ಕೆಲಸ. ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಂತೆ, 65 ಕೆಜಿ ತೂಕದ ಗಂಡಸಿಗೆ ಕೂತು ಮಾಡುವ ಕೆಲಸವಾದರೆ ದಿನಕ್ಕೆ 2110 ಕ್ಯಾಲೊರಿ ಸಾಕು, ಮಧ್ಯಮ ಶ್ರಮವಾದರೆ 2710 ಬೇಕು. ವ್ಯತ್ಯಾಸ 600, ಅಂದರೆ ಮೂರೂವರೆ ರೊಟ್ಟಿ. ಮಷಿನ್ ಬಿಟ್ಟು ಸೂಪರ್‌ವೈಸರ್ ಕುರ್ಚಿಗೆ ಬಂದ ಮೇಲೂ ಆ ಮೂರೂವರೆ ರೊಟ್ಟಿ ನಿಲ್ಲದಿದ್ದರೆ ಅದು ಹೊಟ್ಟೆಯ ಸುತ್ತ ಕೂರುತ್ತದೆ. ಆಮೇಲೆ ಬಿಪಿ, ಶುಗರ್, ಕೊನೆಗೆ ಹೃದಯದ ರಕ್ತನಾಳ.

*ಸೂತ್ರ ಒಂದೇ: ಹಸಿ ಸಾಮಾನಿನಲ್ಲಿ ಅಳೆಯಿರಿ*

ಬೆಂದ ಅಡುಗೆಯಲ್ಲಿ ನೀರು ಸೇರಿರುತ್ತದೆ. ನೀರಿಗೆ ಕ್ಯಾಲೊರಿ ಇಲ್ಲ. ಆದ್ದರಿಂದ ಪಾತ್ರೆಗೆ ಏನು ಹಾಕಿದಿರಿ ಎಂಬುದನ್ನು ಲೆಕ್ಕ ಹಾಕಿ, ಎಷ್ಟು ಜನ ಉಂಡರೋ ಅಷ್ಟರಿಂದ ಭಾಗಿಸಿ. ಇಷ್ಟು ನೆನಪಿದ್ದರೆ ಸಾಕು:

• ಜೋಳ, ಗೋಧಿ, ಅಕ್ಕಿ, ರಾಗಿ, ಬೇಳೆ – 100 ಗ್ರಾಂಗೆ ಸುಮಾರು 320ರಿಂದ 350
• ಎಣ್ಣೆ – 100 ಗ್ರಾಂಗೆ 900. ಒಂದು ಟೀ ಚಮಚಕ್ಕೆ ಸುಮಾರು 40
• ಸಕ್ಕರೆ – ಒಂದು ಟೀ ಚಮಚಕ್ಕೆ ಸುಮಾರು 20
• ಶೇಂಗಾ – ಒಂದು ಸಣ್ಣ ಹಿಡಿಗೆ (30 ಗ್ರಾಂ) ಸುಮಾರು 170
• ಸೊಪ್ಪು, ಸೌತೆ, ಬದನೆ, ಹೀರೆಕಾಯಿ – ಬಹಳ ಕಡಿಮೆ, ಬಿಟ್ಟುಬಿಡಿ

(ಪುಡಿಕೆಯ ಮೇಲೆ 'ಕಿಲೋ ಕ್ಯಾಲೊರಿ' ಎಂದಿದ್ದರೆ ಗೊಂದಲ ಬೇಡ. ನಾವು ಆಡುಮಾತಿನಲ್ಲಿ ಕ್ಯಾಲೊರಿ ಎನ್ನುವುದು ಅದನ್ನೇ.)

ಗಿರಣಿಯಿಂದ ತಂದ ಹಿಟ್ಟಿನಲ್ಲಿ ಅರ್ಧ ಕೆಜಿ ತೂಗಿ ರೊಟ್ಟಿ ಬಡಿಯಿರಿ. 10 ರೊಟ್ಟಿ ಬಂದರೆ ಒಂದಕ್ಕೆ 50 ಗ್ರಾಂ ಹಿಟ್ಟು, ಸುಮಾರು 170 ಕ್ಯಾಲೊರಿ. 7 ಬಂದರೆ ಒಂದಕ್ಕೆ 240. ಒಮ್ಮೆ ಮಾಡಿದರೆ ಸಾಕು, ನಿಮ್ಮ ಮನೆಯ ರೊಟ್ಟಿಯ ಲೇಬಲ್ ಸಿದ್ಧ. ರಾಗಿ ಮುದ್ದೆಗೂ, ಅನ್ನಕ್ಕೂ ಇದೇ ಲೆಕ್ಕ.

*ತಪ್ಪುವುದು ಎಣ್ಣೆಯಲ್ಲಿ*

ರೊಟ್ಟಿ ಎಣಿಸುತ್ತೇವೆ, ಒಗ್ಗರಣೆ ಎಣಿಸುವುದಿಲ್ಲ. ಬದನೆಕಾಯಿಯಲ್ಲಿ ಕ್ಯಾಲೊರಿ ಇಲ್ಲ, ಎಣ್ಣೆಗಾಯಿಯಲ್ಲಿ ಇದೆ! ಸುಲಭದ ದಾರಿ ಎಂದರೆ ತಿಂಗಳ ಕಿರಾಣಿ ಚೀಟಿ. ನಾಲ್ಕು ಜನರ ಮನೆಗೆ ತಿಂಗಳಿಗೆ 5 ಲೀಟರ್ ಎಣ್ಣೆ ಖರ್ಚಾದರೆ, ತಲೆಗೆ ದಿನಕ್ಕೆ ಸುಮಾರು 38 ಗ್ರಾಂ. ಅಂದರೆ 340 ಕ್ಯಾಲೊರಿ, ಎರಡು ರೊಟ್ಟಿಯ ಸಮ. ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದ 2000 ಕ್ಯಾಲೊರಿಯ ತಟ್ಟೆಯಲ್ಲಿ ಎಣ್ಣೆ, ತುಪ್ಪ ಎಲ್ಲಾ ಸೇರಿ 27 ಗ್ರಾಂ. ನಾಲ್ಕು ಜನಕ್ಕೆ ತಿಂಗಳಿಗೆ ಮೂರೂವರೆ ಲೀಟರ್ ಆಯಿತು. ಹೊರಗೆ ತಿಂದ ಎಣ್ಣೆ ಇದರಲ್ಲಿ ಸೇರಿಲ್ಲ!

*ಹೊರಗಿನ ತಿಂಡಿ*

ಹತ್ತು ಅಥವಾ ಹೆಚ್ಚು ಶಾಖೆಗಳಿರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿ ತೋರಿಸಬೇಕೆಂಬ ನಿಯಮವಿದೆ. ಕೈಗಾಡಿಗೆ ಅದು ಇಲ್ಲ, ಹಾಗಾಗಿ ಬಿಡಿಸಿ ನೋಡಿ. ವಡಾಪಾವ್ ಅಂದರೆ ಒಂದು ಪಾವ್ (130), ಆಲೂಗಡ್ಡೆ (45), ಕಡಲೆಹಿಟ್ಟು (55), ಹೀರಿದ ಎಣ್ಣೆ ಎರಡು ಚಮಚ (80). ಒಟ್ಟು 300ರ ಆಸುಪಾಸು. ಎರಡು ತಿಂದರೆ ಒಂದು ಊಟವಾಯಿತು. ಅದರ ಮೇಲೆ ಡಬ್ಬಿಯನ್ನೂ ಖಾಲಿ ಮಾಡಿದರೆ ಎರಡು ಊಟ.

ಚಹಾ ಮರೆಯಬೇಡಿ. ಎರಡು ಚಮಚ ಸಕ್ಕರೆಯ ಸಣ್ಣ ಕಪ್ ಹಾಲು ಸೇರಿ ಸುಮಾರು 70. ನೈಟ್ ಶಿಫ್ಟಿನಲ್ಲಿ ನಾಲ್ಕು ಸಲ ಕುಡಿದರೆ 280.

*ಲೆಕ್ಕ ಸರಿಯೋ ಎಂದು ತಿಳಿಯುವುದು ಹೇಗೆ?*

ಅಂದಾಜು ಹೆಚ್ಚುಕಮ್ಮಿ ಆಗಿಯೇ ಆಗುತ್ತದೆ, ಚಿಂತೆ ಬೇಡ. ಚಮಚ, ಬಟ್ಟಲು ಮಾತ್ರ ಬದಲಿಸಬೇಡಿ. ತಿಂಗಳಿಗೊಮ್ಮೆ ತೂಕ ನೋಡಿ, ಹೊಕ್ಕುಳಿನ ಮಟ್ಟದಲ್ಲಿ ಟೇಪು ಹಿಡಿಯಿರಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ಟೇಪು ಏರುತ್ತಿದ್ದರೆ ಕಾಗದದ ಲೆಕ್ಕ ಏನೇ ಹೇಳಲಿ, ಟೇಪಿನ ಮಾತೇ ನಿಜ.

ಕಡಿಮೆ ಮಾಡುವಾಗ ಮೊದಲು ಎಣ್ಣೆ, ಸಕ್ಕರೆ, ಕರಿದದ್ದು. ಆಮೇಲೆ ಒಂದು ರೊಟ್ಟಿ. ಬೇಳೆ, ಸೊಪ್ಪು, ಮೊಸರು ಕಡಿಮೆ ಮಾಡಬೇಡಿ. ಬೆಳೆಯುವ ಮಕ್ಕಳಿಗೆ, ಬಸುರಿಯರಿಗೆ, ಬಾಣಂತಿಯರಿಗೆ ಈ ಕಡಿತ ಬೇಡ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ನಿಮ್ಮ ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬೇಡಿ, ಶುಗರ್ ಏಕಾಏಕಿ ಇಳಿಯಬಹುದು. ನಡೆಯುವಾಗ, ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತಿದ್ದರೆ ಲೆಕ್ಕ ಪಕ್ಕಕ್ಕಿಟ್ಟು ತಡಮಾಡದೆ ಆಸ್ಪತ್ರೆಗೆ ಹೋಗಿ.

ಈ ಭಾನುವಾರ ರೊಟ್ಟಿ ಬಡಿಯುವ ಮುಂಚೆ ಹಿಟ್ಟು ತೂಗಿ ನೋಡಿ. ಅಡುಗೆ ಮಾಡುವವರೊಬ್ಬರೇ ಅಲ್ಲ, ಉಣ್ಣುವವರೂ ಪಕ್ಕದಲ್ಲಿ ನಿಂತು ನೋಡಲಿ.

– ನಿಮ್ಮ ಹೃದ್ರೋಗ ವೈದ್ಯ, ಎಂ.ಡಿ.