ಆರು ಗಿಡಗಳ ಆಚೆಯ ದಾ ಹೊಂಗ್ ಪಾವ್

ಚೀನಾದ ಫುಜಿಯಾನ್ ಪ್ರಾಂತ್ಯದ ವುಯಿ ಬೆಟ್ಟಸಾಲಿನಲ್ಲಿ, ಜಿಯುಲೊಂಗ್ಕೆ ಎಂಬಲ್ಲಿ, ಬಂಡೆಯ ಮೈಗೆ ಕಲ್ಲು ಕಟ್ಟಿ ಮಣ್ಣು ತುಂಬಿದ ಅಂಚಿನಲ್ಲಿ ಆರು ಚಹಾ ಗಿಡಗಳಿವೆ. ದಾ ಹೊಂಗ್ ಪಾವ್ ಎಂಬ ಊಲಾಂಗ್ ಚಹಾದ ತಾಯಿಗಿಡಗಳೆಂದು ಹೆಸರಾದವು ಇವು. 2002ರಲ್ಲಿ ಇವುಗಳ 20 ಗ್ರಾಂ ಚಹಾ ಹರಾಜಿನಲ್ಲಿ 1,80,000 ಯುವಾನ್‌ಗೆ ಹೋಯಿತು. 2005ರದೇ ಕೊನೆಯ ಕೊಯ್ಲು. ಮರುವರ್ಷದಿಂದ ಎಲೆ ಕೀಳುವುದು ನಿಂತಿತು. ಆ ಕೊಯ್ಲಿನ 20 ಗ್ರಾಂ ಬೀಜಿಂಗಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸೇರಿತು. ಹಾಗಾದರೆ ಈಗ ಅಂಗಡಿಗಳಲ್ಲಿ ಇದೇ ಹೆಸರಲ್ಲಿ ಮಾರುವುದೆಲ್ಲ ನಕಲಿಯೇ ಎಂದು ಅನುಮಾನ ಬರುವುದು ಸಹಜ. ಅಲ್ಲ ಎನ್ನುವುದಕ್ಕೆ ಈ ಚಹಾ ರೂಪುಗೊಂಡ ಬಗೆಯೇ ಆಧಾರ. ಇದರ ಗುಣದಲ್ಲಿ ಗಿಡದ ಪಾಲಿಗಿಂತ ಕೈ ಮತ್ತು ಕೆಂಡದ ಪಾಲು ದೊಡ್ಡದು.

1391ರಲ್ಲಿ ಮಿಂಗ್ ದೊರೆ ಹೊಂಗ್ವು, ಅರಮನೆಗೆ ಅಚ್ಚೊತ್ತಿದ ಬಿಲ್ಲೆ ಚಹಾ ಕಳಿಸುವುದು ಬೇಡವೆಂದು ಅಪ್ಪಣೆ ಮಾಡಿದ. ಅಲ್ಲಿಂದ ಬಿಡಿ ಎಲೆಯ ಚಹಾಕ್ಕೆ ಬೆಲೆ ಬಂತು. ಹದಿನೆಂಟನೇ ಶತಮಾನದ ಆರಂಭದ ಹೊತ್ತಿಗೆ ವುಯಿಯ ಬರಹಗಳಲ್ಲಿ ಹೊಸ ಕ್ರಮವೊಂದರ ವಿವರ ಸಿಗುತ್ತದೆ: ಎಲೆಯನ್ನು ಬಿಸಿಲಿಗೆ ಬಾಡಿಸಿ, ಕುಲುಕಿ, ಬಾಣಲೆಯಲ್ಲಿ ಹುರಿದು, ಆಮೇಲೆ ಕಾವಿನಲ್ಲಿ ಒಣಗಿಸುವುದು. ಇಂದಿಗೂ ದಾರಿ ಅದೇ. ಎಳೆ ಚಿಗುರನ್ನಲ್ಲ, ಬಿಚ್ಚಿಕೊಂಡು ಬಲಿತ ಮೂರು ನಾಲ್ಕು ಎಲೆಯ ಕುಡಿಯನ್ನು ಕೀಳುತ್ತಾರೆ. ಬಿದಿರಿನ ತಟ್ಟೆಗಳಲ್ಲಿ ಹರವಿ ಕುಲುಕುವುದು, ಆರಲು ಬಿಡುವುದು, ಮತ್ತೆ ಕುಲುಕುವುದು, ಹೀಗೆ ರಾತ್ರಿಯೆಲ್ಲ ಸಾಗುತ್ತದೆ. ಅಂಚು ಜಜ್ಜಿ ಕೆಂಪೇರುತ್ತದೆ, ನಡುಭಾಗ ಹಸಿರಾಗಿಯೇ ಉಳಿಯುತ್ತದೆ. ಹಸಿ ವಾಸನೆ ಹೂವಿನ ಪರಿಮಳಕ್ಕೆ ತಿರುಗಿದ ಗಳಿಗೆಯನ್ನು ಮೂಗಿನಿಂದಲೇ ಹಿಡಿದು ಎಲೆಯನ್ನು ಕಾದ ಬಾಣಲೆಗೆ ಹಾಕಬೇಕು. ತಡವಾದರೆ ಆ ದಿನದ ಎಲೆಯೇ ಕೆಟ್ಟಂತೆ. ಹೊಸೆದ ಎಲೆ ಬಳಿಕ ಬೂದಿ ಮುಚ್ಚಿದ ಇದ್ದಿಲಿನ ಮೇಲೆ ಗಂಟೆಗಟ್ಟಲೆ ಇರುತ್ತದೆ. ಒಂದು ಸುತ್ತು ಮುಗಿದ ಮೇಲೆ ವಾರಗಟ್ಟಲೆ ಬಿಟ್ಟು ಇನ್ನೊಂದು ಸುತ್ತು.

ದಾ ಹೊಂಗ್ ಪಾವ್ ಎಂದರೆ ದೊಡ್ಡ ಕೆಂಪು ನಿಲುವಂಗಿ. ಅಧಿಕಾರಿಯಾಗುವ ಪರೀಕ್ಷೆಗೆ ಹೊರಟು ಕಾಯಿಲೆ ಬಿದ್ದವನು ಈ ಚಹಾದಿಂದ ಚೇತರಿಸಿಕೊಂಡು, ಮುಂದೆ ಅಧಿಕಾರಿಯಾಗಿ ಬಂದು ಗಿಡಕ್ಕೆ ತನ್ನ ಕೆಂಪು ನಿಲುವಂಗಿ ಹೊದಿಸಿದ ಎಂಬ ಕಥೆ ಚೆನ್ನಾಗಿದೆ, ಆದರೆ ಅದರಿಂದ ಏನೂ ಸಾಬೀತಾಗದು. ನನಗೆ ಮುಖ್ಯವೆನಿಸುವುದು ಬೇರೆ ಸಂಗತಿ: ಆ ಆರು ಗಿಡಗಳೂ ಒಂದೇ ತಳಿಯವಲ್ಲ. ಅಂದರೆ ಮೂಲದ ದಾ ಹೊಂಗ್ ಪಾವ್‌ನಲ್ಲೇ ಬೆರಕೆಯಿತ್ತು. ಅವುಗಳ ಕಡ್ಡಿ ನೆಟ್ಟು ಬೆಳೆಸಿದ ಚಿದಾನ್‌ನಂಥ ತಳಿಗಳು 1980ರ ದಶಕದಿಂದ ತೋಟಗಳಿಗೆ ಹಬ್ಬಿದವು. ಇಂದು ಮಾರಾಟವಾಗುವ ಹೆಚ್ಚಿನದು ರೌಗುಯಿ, ಶುಯಿಶಿಯನ್ ಮುಂತಾದ ವುಯಿ ತಳಿಗಳನ್ನು ಹದವರಿತು ಬೆರೆಸಿದ್ದು. ಬೆರಕೆ ಎಂದು ಮೂಗು ಮುರಿಯುವವರು ತಾಯಿಗಿಡಗಳನ್ನೂ ತಳ್ಳಿಹಾಕಬೇಕಾಗುತ್ತದೆ.

ಹಾಗಾದರೆ ಬಂಡೆಗೆ ಬೆಲೆಯಿಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಕಲ್ಲು ಕರಗಿ ಆದ ನೆಲದ ಚಹಾವೇ ಮೇಲು ಎಂದು ಎಂಟನೇ ಶತಮಾನದಲ್ಲೇ ಚಹಾ ಗ್ರಂಥಕಾರ ಲು ಯು ಬರೆದಿದ್ದ. ಇಕ್ಕಟ್ಟಾದ ಕಣಿವೆಗಳ ನೆರಳು, ಜಿನುಗುವ ನೀರು, ಜಲ್ಲಿಮಣ್ಣು ರುಚಿಗೆ ಗಟ್ಟಿತನ ಕೊಡುತ್ತವೆ. ಆದರೆ ಇವೆಲ್ಲ ವುಯಿಯ ಎಷ್ಟೋ ಕಣಿವೆಗಳ ಸೊತ್ತು, ಆರು ಗಿಡಗಳದಷ್ಟೇ ಅಲ್ಲ. ಇನ್ನು, ಈ ಚಹಾ ಗಾಢವಾಗಿ, ಕಹಿಯಾಗಿ, ಔಷಧಿ ಕುಡಿದಂತಾಗುತ್ತದೆ ಎಂಬ ದೂರೂ ಹಳೆಯದು. ಕವಿ ಯುವಾನ್ ಮೇಯ್‌ಗೂ ಹಾಗೇ ಅನಿಸಿತ್ತು. 1786ರಲ್ಲಿ ವುಯಿಗೆ ಹೋಗಿ, ಅಲ್ಲಿನವರು ಕೊಟ್ಟ ಪುಟಾಣಿ ಬಟ್ಟಲುಗಳಲ್ಲಿ ಮೊದಲು ಮೂಸಿ, ಆಮೇಲೆ ನಿಧಾನವಾಗಿ ಗುಟುಕರಿಸಿದ ಮೇಲೆ ಅಭಿಪ್ರಾಯ ಬದಲಿಸಿಕೊಂಡ. ಅವನ ದೂರು ಎಲೆಗಿಂತ ಕುಡಿಯುವ ಕ್ರಮಕ್ಕೆ ಸೇರಿದ್ದಾಗಿತ್ತು. ಈಗಿನ ಕ್ರಮ ಹೀಗೆ: ಮುಚ್ಚಳದ ಪುಟ್ಟ ಬಟ್ಟಲಿಗೆ ಏಳೆಂಟು ಗ್ರಾಂ ಎಲೆ, ಕುದಿಯುವ ನೀರು, ಮೊದಲ ಸುತ್ತುಗಳಿಗೆ ಹತ್ತು ಸೆಕೆಂಡು ಸಾಕು. ಆರಂಭದಲ್ಲಿ ಕೆಂಡದ ಘಾಟು, ಮೂರನೆಯದರಲ್ಲಿ ಹಣ್ಣು-ಹೂವಿನ ಪರಿಮಳ. ನುಂಗಿದ ಮೇಲೆ ಒಗರು ಸರಿದು ಗಂಟಲಲ್ಲಿ ಸಿಹಿ ನಿಲ್ಲುತ್ತದೆ. ಕೊನೆಗೆ ನೆನೆದ ಎಲೆಯನ್ನು ಬಿಡಿಸಿ ನೋಡಬೇಕು. ಹದವಾಗಿ ಕಾಸಿದ್ದು ಮೆತ್ತಗೆ ಬಿಚ್ಚಿಕೊಳ್ಳುತ್ತದೆ. ಕೀಳು ಎಲೆಯ ದೋಷ ಮರೆಸಲು ಅತಿಯಾಗಿ ಸುಟ್ಟಿದ್ದು ಇದ್ದಿಲಿನಂತೆ ಕಪ್ಪಾಗಿ, ಮುದುರಿಕೊಂಡೇ ಇರುತ್ತದೆ.