ಟಿ.ವಿ. ಚಿರತೆಗೆ ಚಪ್ಪಾಳೆ, ತುರಹಳ್ಳಿ ಚಿರತೆಗೆ ದೊಣ್ಣೆ!

ಹುಲಿ ನೋಡಬೇಕು ಅಂದರೆ ಈಗ ಯಾರೂ ಕಾಡಿಗೆ ಹೋಗಬೇಕಾಗಿಲ್ಲ ಸ್ವಾಮಿ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಅಂಗಡಿಯ ಷಟರ್ ಎಳೆದು, ಮನೆಗೆ ಹೋಗಿ, ಕೈಕಾಲು ತೊಳೆದು ತಟ್ಟೆ ಮುಂದೆ ಕೂತರೆ ಸಾಕು. ಹುಲಿಯೇ ಮನೆಗೆ ಬರುತ್ತದೆ. ಹಿಂದೆಯೇ ಆನೆ, ಕಾಟಿ, ಕಾಳಿಂಗ ಎಲ್ಲ ಬರುತ್ತವೆ. ಧಾರಾವಾಹಿ ತಪ್ಪಿತೆಂದು ಮೊದಲು ಗೊಣಗಿದ ಅಜ್ಜಿಯೂ ಐದು ನಿಮಿಷ ಕಳೆದ ಮೇಲೆ ಕನ್ನಡಕ ಹುಡುಕುತ್ತಾರೆ. ಬಸ್ಸಿನಲ್ಲಂತೂ ಕೇಳಲೇಬೇಡಿ. ಒಬ್ಬರ ಫೋನಿನಲ್ಲಿ ಚಿರತೆ ಜಿಂಕೆಯ ಬೆನ್ನು ಹತ್ತಿದರೆ ಪಕ್ಕದವರು, ಹಿಂದಿನವರು, ಕಂಬಿ ಹಿಡಿದು ನಿಂತವರು ಎಲ್ಲರೂ ಬಗ್ಗಿ ನೋಡುತ್ತಾರೆ. ಜಿಂಕೆ ತಪ್ಪಿಸಿಕೊಂಡರೆ ಎಲ್ಲರ ಬಾಯಲ್ಲೂ ಒಂದೇ ಮಾತು: 'ಸದ್ಯ, ಬದುಕಿತು!'

ಒಳ್ಳೆಯ ಚಟ. ಕಾಸು ಕೇಳದ, ಆರೋಗ್ಯ ಕೆಡಿಸದ ಚಟ. ಆದರೆ ಪರದೆಯ ಮೇಲೆ ನೋಡಿ ಬೆರಗಾಗುವ ಅದೇ ಚಿರತೆ ಬನಶಂಕರಿಯ ಆಚೆ ತುರಹಳ್ಳಿ ಕಾಡಿನ ಅಂಚಿನಲ್ಲಿ ಕಾಣಿಸಿಕೊಂಡಿತು ಎಂದು ಸುದ್ದಿ ಬಂದರೆ ನಾವು ಆಡುವ ಮಾತೇ ಬೇರೆ. 'ಹಿಡೀರಿ, ಹೊಡೀರಿ, ಸಾಗಿಸ್ರಿ!' ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಹಾಗೆ.

ನಾನೂರು ಗಂಟೆ ಜರಡಿ ಹಿಡಿದರೆ...

ಕನ್ನಡಿಗರಿಗೆ ಕಾಡಿನ ಚಿತ್ರದ ರುಚಿ ಹತ್ತಿಸಿದ್ದು 1973ರ 'ಗಂಧದ ಗುಡಿ'. ಅಣ್ಣಾವ್ರು ಅರಣ್ಯಾಧಿಕಾರಿಯಾಗಿ ಖಾಕಿ ತೊಟ್ಟು ನಿಂತಾಗ, ಕಾಡು ಅಂದರೆ ಬರೀ ಸೌದೆಯಲ್ಲ ಎಂಬುದು ಊರೂರಿಗೂ ಮುಟ್ಟಿತು. ಅದು ಕಥೆ. ಕಥೆ, ಹಾಡು, ಹೊಡೆದಾಟ ಏನೂ ಇಲ್ಲದೆ ಪ್ರಾಣಿಗಳೇ ನಾಯಕ-ನಾಯಕಿಯರಾದ ಚಿತ್ರವನ್ನು ನಮ್ಮ ಜನ ಟಿಕೆಟ್ ಕೊಂಡು ಚಿತ್ರಮಂದಿರದಲ್ಲಿ ನೋಡಿದ್ದು 2020ರ ಜನವರಿಯಲ್ಲಿ. ಹೆಸರು 'ವೈಲ್ಡ್ ಕರ್ನಾಟಕ'. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ನಿರ್ದೇಶಿಸಿದ್ದು, ರಾಜ್ಯದ ಅರಣ್ಯ ಇಲಾಖೆ ಕೈಜೋಡಿಸಿದ್ದು. ಇಂಗ್ಲಿಷಿನಲ್ಲಿ ವಿವರಣೆ ಕೊಟ್ಟವರು ಲೋಕಪ್ರಸಿದ್ಧ ಡೇವಿಡ್ ಅಟೆನ್‌ಬರೋ. ಅದೇ ವರ್ಷ ಜೂನ್ 5ರಂದು, ಪರಿಸರ ದಿನದಂದು, ಟಿ.ವಿ.ಗೆ ಬಂದಾಗ ಕನ್ನಡದ ದನಿ ರಿಷಬ್ ಶೆಟ್ಟಿಯವರದು. ಮುಂದೆ ಚಿತ್ರಕ್ಕೂ ಅಟೆನ್‌ಬರೋ ದನಿಗೂ ರಾಷ್ಟ್ರಪ್ರಶಸ್ತಿ ಬಂತು.

ವ್ಯಾಪಾರಸ್ಥರಿಗೆ ಅರ್ಥವಾಗುವ ಲೆಕ್ಕ ಒಂದಿದೆ. ನಾಲ್ಕು ವರ್ಷ ಚಿತ್ರೀಕರಣ. ಕೈಗೆ ಬಂದದ್ದು ಸುಮಾರು 400 ಗಂಟೆಯ ಚಿತ್ರ. ಜರಡಿ ಹಿಡಿದು ಉಳಿಸಿಕೊಂಡದ್ದು ಒಂದು ಗಂಟೆಗೂ ಕಡಿಮೆ! ನಾನೂರು ಮೂಟೆ ರಾಗಿ ಕೇರಿ ಒಂದು ಮೂಟೆ ಇಟ್ಟುಕೊಂಡ ಹಾಗೆ. ಉಳಿದ ಹೊತ್ತೆಲ್ಲ ಕಾದದ್ದು. ಸೊಳ್ಳೆ ಕಚ್ಚಿದರೂ ಕೈ ಎತ್ತದೆ, ಕೆಮ್ಮು ಬಂದರೂ ನುಂಗಿಕೊಂಡು ಕಾದದ್ದು.

2022ರ ಅಕ್ಟೋಬರ್ 28ರಂದು ಬಂತು ಅಪ್ಪು ಅವರ 'ಗಂಧದ ಗುಡಿ'. ತಂದೆಯ ಚಿತ್ರದ ಹೆಸರೇ. ಜತೆಗಿದ್ದವರು ಅದೇ ಅಮೋಘವರ್ಷ. ಅಪ್ಪು ತೀರಿಕೊಂಡು ಮರುದಿನಕ್ಕೆ ಒಂದು ವರ್ಷ. ಬಣ್ಣ ಹಚ್ಚದೆ, ಪಾತ್ರ ಮಾಡದೆ, ಕಾಡಿನಲ್ಲಿ ನಮ್ಮ ನಿಮ್ಮ ಹಾಗೆ ಕಣ್ಣರಳಿಸಿ ನಡೆದ ಅವರನ್ನು ನೋಡಿ ಅಳದವರು ಕಡಿಮೆ. ಕಾಡು ನೋಡಲು ಬಂದವರಿಗಿಂತ ಅಪ್ಪು ನೋಡಲು ಬಂದವರೇ ಹೆಚ್ಚು ಅಂತೀರಾ? ಇರಲಿ ಬಿಡಿ. ಯಾವ ಬಾಗಿಲಿನಿಂದ ಬಂದರೂ ಕಾಡು ನೋಡಿಯೇ ಹೋದರು.

ಕೆನ್ನಾಯಿಯ ಮನೆತನ

ಇದಕ್ಕೂ ಮೊದಲೇ ನಮ್ಮ ಮೈಸೂರು ಸೀಮೆಯ ಕೃಪಾಕರ-ಸೇನಾನಿ ಜೋಡಿ ಬಂಡೀಪುರದ ಸುತ್ತ ಕೆನ್ನಾಯಿಗಳ ಬೆನ್ನು ಬಿದ್ದಿತ್ತು. 1997ರಲ್ಲಿ ವೀರಪ್ಪನ್ ಇವರನ್ನು ಹೊತ್ತೊಯ್ದು 14 ದಿನ ಇಟ್ಟುಕೊಂಡಿದ್ದು ಹಳಬರಿಗೆ ನೆನಪಿರಬೇಕು. ಬಿಡುಗಡೆಯಾಗಿ ಬಂದವರು ಕಾಡಿಗೆ ಕೈಮುಗಿದು ಕೂರಲಿಲ್ಲ. ಮತ್ತೆ ಕ್ಯಾಮರಾ ಹಿಡಿದು ಅದೇ ಕಾಡಿಗೆ ಹೋದರು. ಕೆನ್ನಾಯಿಗಳ ಮೇಲಿನ ಅವರ 'ದಿ ಪ್ಯಾಕ್' ಚಿತ್ರಕ್ಕೆ 2010ರಲ್ಲಿ ಬ್ರಿಟನ್ನಿನ ವೈಲ್ಡ್‌ಸ್ಕ್ರೀನ್ ಉತ್ಸವದಲ್ಲಿ 'ಹಸಿರು ಆಸ್ಕರ್' ಎಂದೇ ಹೆಸರಾದ ಪಾಂಡಾ ಪ್ರಶಸ್ತಿ ಸಿಕ್ಕಿತು.

ಕೆನ್ನಾಯಿ ಅಂದರೆ ಬ್ರಿಟಿಷರ ಕಾಲದಲ್ಲಿ ದುಷ್ಟ ಪ್ರಾಣಿ. ಕೊಂದು ತಂದವರಿಗೆ ಇನಾಮು! ಈಗ ಅದರ ಸಂಸಾರ ನೋಡಿ. ಗುಂಪಿನವರನ್ನು ಕರೆಯುವುದು ಬೊಗಳಿ ಅಲ್ಲ, ಸಿಳ್ಳೆ ಹೊಡೆದು. ಬೇಟೆ ಬಿದ್ದರೆ ಮೊದಲ ಪಂಕ್ತಿ ಮರಿಗಳದ್ದು. ಗೂಡಿನಲ್ಲಿ ಹಾಲು ಬಿಡುವ ಮರಿಗಳಿದ್ದರೆ ದೊಡ್ಡವು ಹೊಟ್ಟೆಯಲ್ಲಿ ಮಾಂಸ ಹೊತ್ತು ತಂದು ಕಕ್ಕಿ ಉಣಿಸುತ್ತವೆ. ತಾಯಿಯೊಬ್ಬಳೇ ಅಲ್ಲ, ಚಿಕ್ಕಪ್ಪ ಚಿಕ್ಕಮ್ಮಂದಿರೂ ಸಾಕುತ್ತಾರೆ. ನಮ್ಮ ಕೂಡು ಕುಟುಂಬಗಳಲ್ಲಿ ಇಷ್ಟು ಒಗ್ಗಟ್ಟು ಉಳಿದಿದೆಯೇ? ಹತ್ತಿರದಿಂದ ನೋಡುವ ತನಕ ಅದು ದುಷ್ಟ. ತಾಳ್ಮೆಯಿಂದ ನೋಡಿದ ಮೇಲೆ ಸಂಸಾರವಂದಿಗ. ಈ ಚಿತ್ರಗಳು ಮಾಡುವ ದೊಡ್ಡ ಕೆಲಸ ಇದೇ.

ನಮ್ಮ ಪಕ್ಕದ ಮನೆಯವರು

ಈಗ ನಮ್ಮ ಬಡಾವಣೆಗೆ ಬನ್ನಿ. ಬಿ.ಟಿ.ಎಂ., ಜೆ.ಪಿ. ನಗರದವರು ಬನ್ನೇರುಘಟ್ಟ ರಸ್ತೆಯಲ್ಲಿ 365ನೇ ನಂಬರಿನ ಬಸ್ಸು ಹತ್ತಿದರೆ ಕೊನೆಗೆ ಇಳಿಯುವುದು ಕಾಡಿನ ಬಾಗಿಲಲ್ಲಿ. ಪ್ರಪಂಚದಲ್ಲಿ ಎಷ್ಟು ಮಹಾನಗರಗಳಿಗೆ ಈ ಭಾಗ್ಯವಿದೆ ಹೇಳಿ? ಬನ್ನೇರುಘಟ್ಟ ಬರೀ ಪ್ರಾಣಿಗಳ ಪಾರ್ಕಲ್ಲ. ಬೇಲಿಯಾಚೆ ಇರುವುದು ನಿಜವಾದ ರಾಷ್ಟ್ರೀಯ ಉದ್ಯಾನ. ಅಲ್ಲಿಂದ ಕಾವೇರಿ ಕಾಡಿನತ್ತ ಆನೆಗಳು ಇಂದಿಗೂ ಓಡಾಡುತ್ತವೆ. ವನ್ಯಜೀವಿ ತಜ್ಞ ಸಂಜಯ್ ಗುಬ್ಬಿ ಅವರ ಹೊಳೆಮತ್ತಿ ಸಂಸ್ಥೆ ಕ್ಯಾಮರಾ ಕಟ್ಟಿ ನಡೆಸಿದ ಎಣಿಕೆ 2025ರಲ್ಲಿ ಹೊರಬಂತು. ಬೆಂಗಳೂರಿನ ಸುತ್ತಮುತ್ತ ಎಂಬತ್ತಕ್ಕೂ ಹೆಚ್ಚು ಚಿರತೆಗಳಿವೆಯಂತೆ. ಬಹುಪಾಲು ಬನ್ನೇರುಘಟ್ಟದಲ್ಲಿ, ಉಳಿದವು ತುರಹಳ್ಳಿಯಂಥ ತುಂಡು ಕಾಡುಗಳಲ್ಲಿ.

ಅವು ಇಷ್ಟು ಇದ್ದೂ ನಮ್ಮ ಕಣ್ಣಿಗೆ ಬೀಳುವುದು ವರ್ಷಕ್ಕೆ ಎಲ್ಲೋ ಒಂದೆರಡು ಸಲ. ಅಂದರೆ ನಮ್ಮನ್ನು ತಪ್ಪಿಸಿಕೊಂಡು ಓಡಾಡುವುದೇ ಅವುಗಳ ಕಸುಬು. ಲೆಕ್ಕ ತಪ್ಪಿದಾಗ ಏನಾಗುತ್ತದೆ? 2023ರ ಅಕ್ಟೋಬರ್ ಕೊನೆಯಲ್ಲಿ, ಬೊಮ್ಮನಹಳ್ಳಿ ದಾಟಿದರೆ ಸಿಗುವ ಕೂಡ್ಲು ಗೇಟ್ ಕಡೆ ಒಂದು ಚಿರತೆ ಬಂತು. ಸಿ.ಸಿ. ಟಿ.ವಿ.ಯಲ್ಲಿ ಕಂಡಿತು. ಕೆಲವು ದಿನ ಹುಡುಕಾಟ. ನವೆಂಬರ್ 1, ರಾಜ್ಯೋತ್ಸವದ ದಿನ, ಅದನ್ನು ಸುತ್ತುವರಿದು ಅರವಳಿಕೆ ಮದ್ದು ಕೊಡಲು ಹೋದಾಗ ಇಲಾಖೆಯವರ ಮೇಲೆ ಎರಗಿತು. ಗುಂಡು ಹಾರಿತು. ಚಿರತೆ ಸತ್ತಿತು. ಪ್ರಾಣ ಒತ್ತೆಯಿಟ್ಟು ಹೋದ ಸಿಬ್ಬಂದಿಯನ್ನು ದೂರಿ ಫಲವಿಲ್ಲ. ಮದ್ದು ಹೊಡೆದ ತಕ್ಷಣ ಪ್ರಾಣಿ ಮಲಗುವುದು ಸಿನಿಮಾದಲ್ಲಿ ಮಾತ್ರ. ನಿಜದಲ್ಲಿ ಹತ್ತು-ಹದಿನೈದು ನಿಮಿಷ ಬೇಕು. ಗದ್ದಲಕ್ಕೆ ಹೆದರಿದ ಪ್ರಾಣಿಯಾದರೆ ಇನ್ನೂ ಹೆಚ್ಚು. 2016ರ ಫೆಬ್ರವರಿಯಲ್ಲಿ ಕುಂದಲಹಳ್ಳಿ ಕಡೆಯ ಶಾಲೆಗೆ ನುಗ್ಗಿದ ಚಿರತೆಯನ್ನು ಹಿಡಿಯುವಾಗ ಇದೇ ಗುಬ್ಬಿಯವರು ಗಾಯಗೊಂಡರು. ಆಗ ಹೊರಗೆ ಜಾತ್ರೆಯಂತೆ ಜನ! ಆ ಚಿರತೆ ಬದುಕಿತು. ಬನ್ನೇರುಘಟ್ಟದ ಪಂಜರದಲ್ಲಿ ಒಂದು ವಾರ ಊಟ ಮಾಡಿ ರಾತ್ರೋರಾತ್ರಿ ಪರಾರಿಯೂ ಆಯಿತು.

ಕಸ ನಮ್ಮದು, ತಪ್ಪು ಅದರದ್ದೇ?

ಚಿರತೆ ಊರಂಚಿಗೆ ಬರುವುದು ನಮ್ಮನ್ನು ತಿನ್ನಲು ಅಲ್ಲ. ಖಾಲಿ ಸೈಟಿಗೆ ಹೋಟೆಲಿನ ಎಂಜಲು, ಕೋಳಿ ಅಂಗಡಿಯ ತ್ಯಾಜ್ಯ ಸುರಿದರೆ ನಾಯಿ, ಹಂದಿ ಸೇರುತ್ತವೆ. ಅವು ಸೇರಿದ ಕಡೆ ಚಿರತೆಗೆ ಮೆಸ್ಸು ತೆರೆದ ಹಾಗೆ. ಅತ್ತ ಕಾಡಿನ ಅಂಚೂ ಕರಗುತ್ತಿದೆ. ಬನ್ನೇರುಘಟ್ಟದ ಸುತ್ತ 268 ಚದರ ಕಿ.ಮೀ. ಇರಬೇಕಾಗಿದ್ದ ಪರಿಸರ ಸೂಕ್ಷ್ಮ ವಲಯ 2020ರ ಅಂತಿಮ ಆದೇಶದಲ್ಲಿ 168ಕ್ಕೆ ಇಳಿಯಿತು. ನೂರು ಚದರ ಕಿ.ಮೀ. ಕೈಬಿಟ್ಟದ್ದು ಯಾರಿಗಾಗಿ? ಕಲ್ಲು ಗಣಿಯವರನ್ನು, ಲೇಔಟಿನವರನ್ನು ಕೇಳಿ ನೋಡಿ.

ನಮ್ಮ ಜನ ಕೈಕಟ್ಟಿ ಕೂತಿದ್ದಾರೆ ಎಂದೇನೂ ಅಲ್ಲ. 2021ರಲ್ಲಿ ತುರಹಳ್ಳಿ ಕಾಡನ್ನು ಟ್ರೀ ಪಾರ್ಕ್ ಮಾಡ ಹೊರಟಾಗ ಸುತ್ತಲಿನ ಬಡಾವಣೆಯವರೇ ಬೀದಿಗಿಳಿದು 'ಕಾಡಿಗೆ ಕಲ್ಲುಬೆಂಚು ಬೇಡ' ಎಂದರು. ಅಂಥವರು ಇನ್ನಷ್ಟು ಬೇಕು.

ಹಾಗಾದರೆ ನಾವು ಮಾಡಬೇಕಾದ್ದೇನು? ಆ ಚಿತ್ರ ತೆಗೆಯುವವರು ಮಾಡುವುದನ್ನೇ. ದೂರ ನಿಲ್ಲುವುದು, ಸುಮ್ಮನಿರುವುದು, ಪ್ರಾಣಿಗೆ ಹೋಗಲು ದಾರಿ ಬಿಡುವುದು. ಚಿರತೆ ಕಂಡರೆ ಕೂಗಿ ಜನ ಸೇರಿಸಬೇಡಿ, ಫೋನ್ ಹಿಡಿದು ಹತ್ತಿರ ಹೋಗಬೇಡಿ. ಮಕ್ಕಳನ್ನು ಒಳಗೆ ಕರೆದು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ನಂಬರು ಮರೆತೀತು ಅನ್ನುವವರಿಗೆ ಒಂದು ಉಪಾಯ: ಅಟೆನ್‌ಬರೋ ಸಾಹೇಬರು ಹುಟ್ಟಿದ ವರ್ಷವೂ 1926!

ಅಂದ ಹಾಗೆ, ಇವತ್ತು ರಾತ್ರಿ ಅಂಗಡಿ ಮುಚ್ಚುವಾಗ ಕಸದ ಚೀಲ ಎಲ್ಲಿಗೆ ಹೋಗುತ್ತೆ ಅಂತ ಒಂದು ಮಾತು ಕೇಳಿ ನೋಡಿ. ಗಾಡಿಗೋ, ಖಾಲಿ ಸೈಟಿಗೋ?