ಕೊಲ್ಲಾರಿ ಬಂಡಿಯೂ ಕಟ್ಟಿಗೆಯ ಹನಿಗಾಡಿಯೂ

ಟಿಳಕವಾಡಿಯ ಗೆಳೆಯನೊಬ್ಬ ಮೊನ್ನೆ ಮುಂಜಾನೆ ಒಂದು ಕಾಗದ ಹಿಡಿದುಕೊಂಡು ಬಂದ. ಅದರ ಮೇಲೆ ಪೆನ್ಸಿಲ್ ಚಿತ್ರ. ಮುಂದೆ ದುಂಡಗೆ, ಹಿಂದೆ ಇಳಿಜಾರು, ಕೆಳಗೆ ಎರಡು ಗಾಲಿ. ಮಲಗಿಸಿಟ್ಟ ನೀರಹನಿಯ ಆಕಾರವಂತೆ. ನನಗೆ ಮಾತ್ರ ಕೋಳಿಗೂಡು ಕಂಡಿತು!

"ಗೂಡಲ್ಲೋ, ಮನಿ! ಕಾರಿನ ಹಿಂದ ಕಟ್ಟೂದು. ಜಾಂಬೋಟಿ, ಕಣಕುಂಬಿ ಕಡೆ ಹೋಗೂದು, ಅದರಾಗ ಮಲಗೂದು. ಲಾಜ್ ಬ್ಯಾಡ, ಬಾಡಿಗಿ ಬ್ಯಾಡ" ಅಂದ. ಸ್ವಂತ ಹಾರ್ಡ್‌ವೇರ್ ಅಂಗಡಿ ಇದ್ದವನು. ಪ್ಲೈವುಡ್, ಸ್ಕ್ರೂ, ಫೆವಿಕಾಲ್ ಎಲ್ಲ ಕೈಯಳತೆಯಲ್ಲೇ. ಹುಚ್ಚು ಹಿಡಿಯಲಿಕ್ಕೆ ಇನ್ನೇನು ಬೇಕು?

ಇದು ಅವನ ತಲೆಯಲ್ಲಿ ಹುಟ್ಟಿದ್ದಲ್ಲ. ಅಮೆರಿಕದಲ್ಲಿ 1930ರ ದಶಕದಲ್ಲೇ ಜನ ಇಂಥ ಗಾಡಿಯನ್ನು ಮನೆಯ ಹಿತ್ತಲಲ್ಲಿ ಕಟ್ಟುತ್ತಿದ್ದರು. ಅದಕ್ಕೆ ಟಿಯರ್‌ಡ್ರಾಪ್ ಅಂದರೆ ಕಣ್ಣೀರ ಹನಿ ಎಂದು ಹೆಸರು. ಕೈಗೆಲಸದ ಮಾಸಪತ್ರಿಕೆಗಳು ನಕ್ಷೆ ಅಚ್ಚು ಹಾಕಿದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯಲ್ಲಿ ಉಳಿದ ಅಲ್ಯುಮಿನಿಯಂ ತಗಡು ಅಗ್ಗವಾಗಿ ಸಿಕ್ಕು ಇನ್ನಷ್ಟು ಗಾಡಿಗಳು ಎದ್ದವು. ಲೆಕ್ಕ ಸರಳ. ಪ್ಲೈವುಡ್ ಶೀಟು 8 ಅಡಿ ಉದ್ದ, 4 ಅಡಿ ಅಗಲ. ಒಂದು ಶೀಟಿನಲ್ಲಿ ಒಂದು ಪಕ್ಕ ಕತ್ತರಿಸಿದರೆ ಮನುಷ್ಯನ ಉದ್ದಕ್ಕೆ ಸರಿ. ಎತ್ತರ ನಾಲ್ಕೇ ಅಡಿ. ಒಳಗೆ ಕೂಡಬಹುದು, ಮಲಗಬಹುದು, ನಿಲ್ಲುವ ಹಾಗಿಲ್ಲ. ಹಿಂದಿನ ಬಾಗಿಲು ಮೇಲಕ್ಕೆತ್ತಿದರೆ ಅಡಿಗೆ ಕಟ್ಟೆ.

ಗೆಳೆಯ ಇಷ್ಟು ಹೇಳಿ ಮುಗಿಸಿದಾಗ ನನಗೆ ನಮ್ಮಜ್ಜಿ ನೆನಪಾದಳು. ಬೈಲಹೊಂಗಲ ಕಡೆಯ ಹೆಣ್ಣುಮಗಳು. ಭರತ ಹುಣ್ಣಿಮೆ ಬಂದರೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಡುತ್ತಿದ್ದರಂತೆ. ಚಕ್ಕಡಿಗೆ ಬಿದಿರಿನ ಕಮಾನು, ಕಮಾನಿಗೆ ಚಾಪೆ. ಒಳಗೆ ಹುಲ್ಲು ಹಾಸಿ ಅದರ ಮೇಲೆ ಕೌದಿ. ಕೆಳಗೆ ತೂಗುವ ಕಂದೀಲು. ಹಾದಿಯಲ್ಲಿ ರಾತ್ರಿಯಾದರೆ ಎತ್ತು ಬಿಚ್ಚಿ, ಚಕ್ಕಡಿ ವಾಲದಂತೆ ಮುಂದೆ ಆಸರೆಗೋಲು ಕೊಟ್ಟು ಅಲ್ಲೇ ಮಲಗುವುದು. ಜೋಗುಳಬಾವಿಯಲ್ಲಿ ಜಳಕ, ಗುಡ್ಡದಲ್ಲಿ ಪಡಲಿಗಿ, ಮತ್ತೆ ಅದೇ ಬಂಡಿಯಲ್ಲಿ ವಾಪಸ್. ಗಾಲಿ ಮೇಲಿನ ಮನೆ ಅಂದರೆ ಇದಲ್ಲದೆ ಮತ್ತೇನು ಸ್ವಾಮಿ? ಕೌದಿ ಬದಲು ಫೋಮ್ ಹಾಸಿಗೆ ಅಂದುಕೊಂಡರಾಯಿತು.

"ಹಂಗಾದ್ರ ಬಂಡಿ ಮಾಡಿದವರನ್ನ ಕೇಳೂಣು" ಅಂತ ಇಬ್ಬರೂ ಖಾನಾಪುರದ ಬಸ್ಸು ಹತ್ತಿದೆವು. ಕಾರಿದ್ದವನು ಬಸ್ಸಿನಲ್ಲಿ ಯಾಕೆ ಬಂದ ಅಂತ ಕೇಳಬೇಡಿ, ಕಾರು ಗ್ಯಾರೇಜಿನಲ್ಲಿತ್ತು.

ಖಾನಾಪುರ ಕಟ್ಟಿಗೆ ಬಲ್ಲ ಊರು. ಸಾಗವಾನಿ, ಮತ್ತಿ, ನಂದಿ, ಹೊನ್ನೆ ಬೆಳೆಯುವ ಕಾಡು ಅದರ ಬೆನ್ನಿಗಿದೆ. ಅಲ್ಲಿ ನಮಗೆ ಸಿಕ್ಕ ಬಡಿಗ ಕಾಕಾ ಈಗ ಬಾಗಿಲು, ಚೌಕಟ್ಟು ಮಾಡಿಕೊಂಡಿದ್ದಾರೆ. ಹರೇದಲ್ಲಿ ಚಕ್ಕಡಿ ಗಾಲಿ ಮಾಡಿದ ಕೈ. ಕನ್ನಡದಲ್ಲಿ ಅರ್ಧ ಮರಾಠಿ. ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಣ್ಣ ಕೇಳಲಿಲ್ಲ, ರೊಕ್ಕ ಕೇಳಲಿಲ್ಲ. "ಅಡಿಗಿ ಸಾಮಾನೆಲ್ಲಾ ಹಿಂದ ಇಟ್ಟೀ ತಮ್ಮಾ. ಮುಂಭಾರ ಎಲ್ಲೈತಿ?" ಅಂದರು.

ಗೆಳೆಯ ಪಿಳಿಪಿಳಿ ನೋಡಿದ. ಕಾಕಾ ಒಂದು ಪಟ್ಟಿ ತುಂಡನ್ನು ಬೆರಳ ಮೇಲಿಟ್ಟು ತೋರಿಸಿದರು. ಎರಡು ಗಾಲಿಯ ಬಂಡಿ ಅಂದರೆ ತಕ್ಕಡಿ ಇದ್ದ ಹಾಗೆ. ಭಾರ ಹಿಂದಾದರೆ ನೊಗ ಮೇಲಕ್ಕೆದ್ದು ಕೊರಳ ಹಗ್ಗ ಎತ್ತಿನ ಗಂಟಲು ಹಿಡಿಯುತ್ತದೆ. ಬಹಳ ಮುಂದಾದರೆ ಹೆಗಲು ಹುಣ್ಣಾಗುತ್ತದೆ. ಅದಕ್ಕೇ ಚೀಲ ಹೇರುವಾಗ ತುಸು ಮುಂಭಾರ ಇಟ್ಟು ಹೇರುವುದು. ಕಾರಿನ ಹಿಂದಿನ ಗಾಡಿಗೂ ಇದೇ ಕಾನೂನು. ಗಾಡಿಯ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲೆ ಬೀಳಬೇಕು ಅನ್ನುತ್ತಾರೆ ಬಲ್ಲವರು. ಅಂದರೆ 400 ಕಿಲೋ ಗಾಡಿಗೆ 40ರಿಂದ 60 ಕಿಲೋ. ಇದು ಕಡಿಮೆಯಾದರೆ ವೇಗ ಏರಿದಾಗ ಗಾಡಿ ಹಾವಿನಂತೆ ಬಾಲ ಹೊಡೆಯುತ್ತದೆ, ಕಾರನ್ನೂ ಎಳೆದುಕೊಂಡೇ ಗಟಾರಕ್ಕೆ ಹೋಗುತ್ತದೆ. ಎತ್ತಾದರೆ ನಿಂತುಬಿಡುತ್ತಿತ್ತು. ಕಾರಿಗೆ ಆ ಬುದ್ಧಿ ಎಲ್ಲಿಂದ ಬರಬೇಕು!

ಎರಡನೆಯ ಮಾತು ನೀರಿನದು. ಖಾನಾಪುರದ ಮಳೆ ಗೊತ್ತಲ್ಲ? ಪ್ಲೈವುಡ್ಡಿನ ಮೈಗೆ ಎಷ್ಟು ಬಣ್ಣ ಬಳಿದರೂ ಅದು ನೀರು ಕುಡಿಯುವುದು ಅಂಚಿನಿಂದ, ಸ್ಕ್ರೂ ತೂತಿನಿಂದ. ಒಮ್ಮೆ ಕುಡಿದರೆ ಪದರು ಬಿಚ್ಚಿ ಹೋಳಿಗೆಯಂತೆ ಉಬ್ಬುತ್ತದೆ. ಅಡುಗೆಮನೆ ಕಪಾಟಿನ ಅಗ್ಗದ ಮಾಲು ಇದಕ್ಕೆ ನಡೆಯದು, ಮರೀನ್ ದರ್ಜೆಯದೇ ಬೇಕು. ಅದಕ್ಕೆ ಐಎಸ್ 710 ಗುರುತು ಇರುತ್ತದೆ. ಅಂಗಡಿಕಾರನಾದ ಗೆಳೆಯನಿಗೆ ಇದು ಗೊತ್ತಿತ್ತು. ಗೊತ್ತಿಲ್ಲದ್ದನ್ನು ಕಾಕಾ ಹೇಳಿದರು. ಅಡಿಯ ಕಟ್ಟಿಗೆಗೆ ಗೇರೆಣ್ಣೆ ಬಳಿ, ಹುಳ ಹತ್ತಿರ ಬರುವುದಿಲ್ಲ ಅಂತ. ಆದರೆ ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಜೋಕೆ.

ತೂಕವೂ ನೆನಪಿರಲಿ. 18 ಮಿಲಿಮೀಟರ್ ದಪ್ಪದ ಒಂದು ಶೀಟೇ 30 ಕಿಲೋಕ್ಕೆ ಮೇಲೆ. ಗಟ್ಟಿಯಾಗಲಿ ಅಂತ ಸಿಕ್ಕಲ್ಲೆಲ್ಲ ಅದನ್ನೇ ಬಡಿಯುತ್ತ ಹೋದರೆ ಸಣ್ಣ ಕಾರು ಚೋರ್ಲಾ ಘಾಟಿನಲ್ಲಿ ದೇವರನ್ನು ನೆನೆಯಬೇಕು.

ಒಲೆಯ ವಿಷಯದಲ್ಲಿ ಅಜ್ಜಿಯ ಕಟ್ಟಳೆಯೇ ಸರಿ. ಬಂಡಿಯಿಂದ ದೂರ, ಗಾಳಿ ಬೀಸಿ ಹೋಗುವ ದಿಕ್ಕಿಗೆ ಮೂರು ಕಲ್ಲು. ಕಿಡಿ ಚಾಪೆಗೆ ಬೀಳಬಾರದು. ಮುಚ್ಚಿದ ಕಟ್ಟಿಗೆ ಡಬ್ಬಿಯೊಳಗೆ ಚಳಿ ಅಂತ ಶೇಗಡಿ ಇಟ್ಟು ಮಲಗಿದರೆ ಬೆಳಿಗ್ಗೆ ಏಳುವುದಿಲ್ಲ. ಆ ಹೊಗೆಯ ವಿಷಕ್ಕೆ ವಾಸನೆ ಇಲ್ಲ. ಎರಡು ಪಕ್ಕದಲ್ಲೂ ಗಾಳಿಕಿಂಡಿ ಇರಲೇಬೇಕು.

ಇಷ್ಟೆಲ್ಲ ಬರೆಯಲು ಬೇರೆ ಕಾರಣವೂ ಇದೆ. ಇಂದಿಗೂ ಗುಡ್ಡಕ್ಕೆ ಚಕ್ಕಡಿ ಬರುತ್ತವೆ, ಆದರೆ ಹೆಚ್ಚಿನವರದು ಟ್ರ್ಯಾಕ್ಟರ್. ಗೊಬ್ಬರ ಹೇರುವ ಟ್ರೇಲರಿಗೆ ಮೇಲೊಂದು ತಾಡಪಾಲು ಕಟ್ಟಿ, ಮುದುಕರು ಮಕ್ಕಳೆನ್ನದೆ ಇಡೀ ಓಣಿಯೇ ಹತ್ತುತ್ತದೆ. ಎಷ್ಟೋ ಟ್ರೇಲರಿಗೆ ಬ್ರೇಕಿಲ್ಲ, ಹಿಂದೆ ಕೆಂಪು ದೀಪವಿಲ್ಲ. ಎತ್ತಿನ ವೇಗಕ್ಕೆ ಹುಟ್ಟಿದ ಅಭ್ಯಾಸವನ್ನು ಇಂಜಿನ್ನಿನ ವೇಗಕ್ಕೆ ಕಟ್ಟಿದ್ದೇವೆ. ಪಲ್ಟಿಯಾದ ಸುದ್ದಿಯನ್ನು ಇದೇ ಕೈಯಿಂದ ಬರೆದಿದ್ದೇನೆ, ಮತ್ತೆ ಬರೆಯುವ ಆಸೆ ಇಲ್ಲ. ಹಿಂದೆ ಹೊಳೆಯುವ ಕೆಂಪು ಪಟ್ಟಿ ಹಚ್ಚಲು ಎಷ್ಟು ಖರ್ಚು? ಅಂಗಡಿಕಾರ ಗೆಳೆಯ ಹೇಳುವ ಪ್ರಕಾರ ಒಂದು ದಿನದ ಚಹಾದ ರೊಕ್ಕ.

ಇನ್ನು ಕಾಗದಪತ್ರ. 1988ರ ಮೋಟಾರು ವಾಹನ ಕಾಯಿದೆಯ ಕಣ್ಣಿಗೆ ಟ್ರೇಲರ್ ಕೂಡ ಮೋಟಾರು ವಾಹನವೇ. ನೋಂದಣಿ ಇಲ್ಲದೆ ರಸ್ತೆಗೆ ತರುವ ಹಾಗಿಲ್ಲ. "ಬಂಡಿಗಿ ಯಾವ ಆರ್‌ಟಿಓ ಕೇಳ್ತಿದ್ದ?" ಅಂತ ಗೆಳೆಯ ಸಿಟ್ಟಾದ. ಬಂಡಿ 80 ಕಿಲೋಮೀಟರ್ ವೇಗದಲ್ಲಿ ಓಡುತ್ತಿತ್ತೇನಪ್ಪ? ಚಾಸಿಯನ್ನು ಉದ್ಯಮಬಾಗದಲ್ಲಿ ವೆಲ್ಡ್ ಮಾಡಿಸಬಹುದು, ಅಲ್ಲಿ ಆಗದ ಕೆಲಸವಿಲ್ಲ. ಆದರೆ ವೆಲ್ಡಿಂಗಿಗೆ ಮೊದಲು ಆರ್‌ಟಿಓ ಕಚೇರಿಯ ಮೆಟ್ಟಿಲು ಹತ್ತಿ ಕೇಳುವುದು ಒಳ್ಳೆಯದು. ಮಾಡಿದ ಮೇಲೆ ಕೇಳಿದರೆ ಹಿತ್ತಲಲ್ಲಿ ನಿಜವಾಗಿಯೂ ಕೋಳಿ ಸಾಕಬೇಕಾದೀತು. ಮಲಗುವ ಜಾಗವೂ ಹಾಗೆಯೇ. ಭೀಮಗಡ 2011ರಿಂದ ವನ್ಯಧಾಮ. ಅಪ್ಪಣೆ ಇಲ್ಲದೆ ಅಲ್ಲಿ ಗಾಡಿ ನಿಲ್ಲಿಸಿ ಮಲಗಲು ಅದೇನು ಜಾತ್ರೆಯ ಬಯಲಲ್ಲ.

ವಾಪಸ್ ಬರುವಾಗ ಬಸ್ಸು ತುಂಬಿತ್ತು. ಗೆಳೆಯ ನಿಂತುಕೊಂಡೇ ಕಾಗದ ತೆಗೆದು, ಕಂಬಿಗೆ ಒತ್ತಿ ಹಿಡಿದು, ರಬ್ಬರಿನಿಂದ ಗಾಲಿ ಒರೆಸಿದ. ಆರು ಇಂಚು ಹಿಂದಕ್ಕೆ ಸರಿಸಿ ಮತ್ತೆ ಬರೆದ. ಭಾರ ಮುಂದೆ ಬಂತು. ಮಚ್ಛೆ ದಾಟುವಷ್ಟರಲ್ಲಿ ಪಕ್ಕದ ಸೀಟಿನ ಮುದುಕಿ ಬಗ್ಗಿ ನೋಡಿ ಕೇಳಿದಳು: "ಯಪ್ಪಾ, ಕೋಳಿಗೂಡೇನು?"